ಚನ್ನಗಿರಿಯ ರಾಣಿಯೂ ಕೆಳದಿಯ ಸಿಂಹಾಸನವೂ

ಚನ್ನಗಿರಿಯ ಪೇಟೆಯಲ್ಲಿ ನಿಂತು ತಲೆಯೆತ್ತಿದರೆ ಗುಡ್ಡದ ಮೇಲಣ ಕೋಟೆ ಕಾಣುವುದು. ಅದರೊಳಗೆ ಬೇಟೆ ರಂಗನಾಥನ ಗುಡಿ. ಊರಿಗೆ ಈ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದಿತೆಂಬುದು ಹಿಂದಿನಿಂದ ನಡೆದು ಬಂದ ಮಾತು. ಛತ್ರಪತಿ ರಾಜಾರಾಮನಿಗೆ ಆಕೆ ಆಶ್ರಯವಿತ್ತ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಆದರೆ ಆಕೆಯ ಮೊದಲ ಯುದ್ಧ ನಡೆದದ್ದು ಅರಮನೆಯ ಒಳಗೆ. ಇಂದು ನಾವು ವಿಚಾರಮಾಡತಕ್ಕದ್ದು ಅದನ್ನೇ.

ಶಿವಪ್ಪನಾಯಕನು 1660ರಲ್ಲಿ ತೀರಿಕೊಂಡನು. ಮುಂದಿನ ನಾಲ್ಕೇ ವರ್ಷಗಳಲ್ಲಿ ವೆಂಕಟಪ್ಪನಾಯಕ, ಭದ್ರಪ್ಪನಾಯಕ, ಸೋಮಶೇಖರನಾಯಕ ಎಂದು ಮೂವರು ಒಬ್ಬರ ಹಿಂದೊಬ್ಬರು ಪಟ್ಟವೇರಿದರು. ಸಿಂಹಾಸನದ ಕಾಲುಗಳು ಆಗಲೇ ಸಡಿಲವಾಗಿದ್ದುವೆಂದು ಇದರಿಂದ ಊಹಿಸಬಹುದು. ಸೋಮಶೇಖರನ ಕೈಹಿಡಿದ ಚೆನ್ನಮ್ಮ ಕೋಟಿಪುರದ ಸಿದ್ದಪ್ಪಶೆಟ್ಟಿಯ ಮಗಳು. ತೌರಿನ ಸೈನ್ಯವೆಂಬುದು ಆಕೆಗಿರಲಿಲ್ಲ, ಮಕ್ಕಳೂ ಆಗಲಿಲ್ಲ. ರಾಜನು ಕಲಾವತಿಯೆಂಬ ನರ್ತಕಿಯ ಪರಿವಾರದ ವಶನಾಗಿ ಬುದ್ಧಿ ಕೆಟ್ಟನೆಂದು ಲಿಂಗಣ್ಣಕವಿಯ ‘ಕೆಳದಿನೃಪವಿಜಯ’ವು ಹೇಳುತ್ತದೆ. 1671ರ ಸುಮಾರಿನಲ್ಲಿ ಅವನ ಕೊಲೆಯಾಯಿತು. ಬಿಜಾಪುರದ ಸೈನ್ಯ ಬಾಗಿಲಿಗೆ ಬಂದಿತು. ಆಸ್ಥಾನದ ಪ್ರಮುಖರು ತಮಗೆ ಬೇಕಾದ ಹುಡುಗನನ್ನು ಪಟ್ಟಕ್ಕೆ ತರಲು ಪಕ್ಷ ಕಟ್ಟಿದರು.

ಇಲ್ಲಿ ದತ್ತಕದ ಮರ್ಮವನ್ನು ತಿಳಿಯಬೇಕು. ಸಾಮಾನ್ಯರ ಮನೆಯಲ್ಲಿ ದತ್ತಕವು ಆಸ್ತಿಯನ್ನೂ ಪಿತೃಕಾರ್ಯವನ್ನೂ ನಿಶ್ಚಯಿಸುತ್ತದೆ. ಅರಮನೆಯಲ್ಲಿ ಮುಂದಿನ ಅರಸನನ್ನೇ ನಿಶ್ಚಯಿಸುತ್ತದೆ. ಹುಡುಗನು ಯಾರ ಕೈಯಲ್ಲಿರುವನೋ ರಾಜ್ಯವೂ ಅವರ ಕೈಯಲ್ಲಿ. ಚೆನ್ನಮ್ಮಾಜಿ ಇದನ್ನು ಚೆನ್ನಾಗಿ ಅರಿತಿದ್ದಳು. ಆಕೆ ಭುವನಗಿರಿ ದುರ್ಗಕ್ಕೆ ಸರಿದು ತಾನೇ ಪಟ್ಟಾಭಿಷಿಕ್ತಳಾದಳು. ದತ್ತುಮಗನನ್ನು ತಾನೇ ಆರಿಸಿಕೊಂಡಳು. ಈ ಬಸಪ್ಪನು ಮಾರ್ಕಪ್ಪಶೆಟ್ಟಿಯೆಂಬುವನ ಮಗ. ಸುಮಾರು 25 ವರ್ಷ ರಾಜ್ಯಭಾರ ಆಕೆಯ ಹೆಸರಿನಲ್ಲಿಯೇ ನಡೆಯಿತು. ಹುಡುಗನು ಆಕೆಯ ಕಣ್ಣೆದುರಿನಲ್ಲಿ ಬೆಳೆದನು. ಆಕೆಯ ತರುವಾಯ ಬಸವಪ್ಪನಾಯಕನಾಗಿ 1714ರವರೆಗೆ ಆಳಿದನು.

ಅದೇ ಮನೆಯಲ್ಲಿ ಮತ್ತೊಮ್ಮೆ ಇದೇ ಪ್ರಶ್ನೆ ಎದ್ದಿತು. 1755ರಲ್ಲಿ ಇಮ್ಮಡಿ ಬಸವಪ್ಪನಾಯಕನು ತೀರಿಕೊಂಡಾಗ ದತ್ತುಪುತ್ರ ಚನ್ನಬಸವನಾಯಕನು ಅರಸನಾದನು. ಅಧಿಕಾರ ವಿಧವೆಯಾದ ವೀರಮ್ಮಾಜಿಯಲ್ಲಿತ್ತು. ಎರಡು ವರ್ಷಗಳಲ್ಲಿ ಅವನು ಕಣ್ಮರೆಯಾದನು. ಕೊಲೆಯೆಂಬ ಅಪವಾದ ರಾಣಿಗೆ ತಗಲಿತು. ಆಕೆ ಸೋಮಶೇಖರನೆಂಬ ಬೇರೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡಳು. ಆಗ, “ಸತ್ತೆನೆಂದು ಹೇಳುವ ಚನ್ನಬಸವ ನಾನೇ” ಎಂದು ಒಬ್ಬನು ಎದ್ದು ಬಂದನು. ಚಿತ್ರದುರ್ಗದ ಪಾಳೆಯಗಾರನು ಅವನನ್ನು ಹೈದರಾಲಿಗೆ ಭೇಟಿಮಾಡಿಸಿದನು. ಹೈದರನಿಗೆ ಬೇಕಾಗಿದ್ದದ್ದು ಒಂದು ನೆಪ. 1763ರಲ್ಲಿ ಬಿದನೂರು ಬಿದ್ದಿತು; ರಾಣಿ ಮಧುಗಿರಿಯಲ್ಲಿ ಸೆರೆಯಾದಳು; ಕೆಳದಿಯ ರಾಜ್ಯ ಅಲ್ಲಿಗೆ ಮುಗಿಯಿತು.

ಒಬ್ಬಳು ಸಾಧ್ವಿ, ಮತ್ತೊಬ್ಬಳು ದುಷ್ಟೆ ಎಂದು ತೀರ್ಪು ಕೊಡುವುದು ಸುಲಭ. ಆದರೆ ಇಬ್ಬರ ಸ್ಥಿತಿ ಒಂದೇ ಆಗಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಚೆನ್ನಮ್ಮಾಜಿ ತಾನೇ ಅರಸಿ, ಹುಡುಗನು ಉತ್ತರಾಧಿಕಾರಿ. ಅಲ್ಲಿ ಅಧಿಕಾರ ಒಂದೇ. ವೀರಮ್ಮಾಜಿಯ ಕಾಲದಲ್ಲಿ ಪಟ್ಟ ಒಬ್ಬರದು, ಆಡಳಿತ ಇನ್ನೊಬ್ಬರದು. ಗಂಡನು ಆರಿಸಿದ ಮಗನಿಗೂ ಆಕೆಗೂ ನಡುವೆ ಬಿರುಕು ಬಿಟ್ಟೊಡನೆ ಹೊರಗಿನವನಿಗೆ ದಾರಿ ತೆರೆಯಿತು. ಒಂದೇ ದತ್ತಕದ ಹಕ್ಕು ಒಮ್ಮೆ ರಾಜ್ಯವನ್ನು ಕಾಯಿತು, ಒಮ್ಮೆ ಕಳೆಯಿತು. ಚನ್ನಗಿರಿಯ ಕೋಟೆಯನ್ನು ನೋಡುವಾಗ ಕತ್ತಿ ಹಿಡಿದ ರಾಣಿಯೊಡನೆ ಮಗುವಿನ ಕೈಹಿಡಿದ ರಾಣಿಯನ್ನೂ ನೆನೆಯುವುದು ಉಚಿತ.