ಗುಂಟೆಗೆ ಮೂವತ್ತಮೂರು ಅಡಿ ಏಕೆ?

ಭೂಮಾಪನಕ್ಕೆ ಹೊಸದಾಗಿ ಸೇರಿದ ಹುಡುಗರು ಕೇಳುವುದುಂಟು: ಸರ್ವೆ ಸರಪಳಿ 33 ಅಡಿಯೇ ಏಕೆ ಸಾರ್? ಮೂವತ್ತೋ ಐವತ್ತೋ ಇದ್ದಿದ್ದರೆ ಲೆಕ್ಕ ಸಲೀಸಾಗುತ್ತಿರಲಿಲ್ಲವೇ?

ನ್ಯಾಯವಾದ ಪ್ರಶ್ನೆ. ಸರಪಳಿಗೆ 16 ಭಾಗ, ಒಂದೊಂದೂ ಒಂದು ಆಣೆ. ಉದ್ದಗಲ ಒಂದೊಂದು ಸರಪಳಿಯಾದರೆ ಗುಂಟೆ, ಅಂದರೆ 1,089 ಚದರಡಿ. (ಮೂವತ್ತು-ನಲವತ್ತರ ಸೈಟು ಅದಕ್ಕಿಂತ 111 ಚದರಡಿ ದೊಡ್ಡದು. ಗುಂಟೆಗೊಂದು ಸೈಟು ಎನ್ನುವ ದಲ್ಲಾಳಿಯನ್ನು ನಂಬಬೇಡಿ.)

ಮೂಲ ಇಂಗ್ಲೆಂಡಿನಲ್ಲಿದೆ. ನೇಗಿಲಿಗೆ ಕಟ್ಟಿದ ಎತ್ತುಗಳು ದಿನವೊಂದಕ್ಕೆ ಉಳುವಷ್ಟು ನೆಲವೇ ಅಲ್ಲಿನ ಹಳೆಯ ಎಕರೆ. ನಮ್ಮವರೂ ಬಿತ್ತುವ ಬೀಜದ ಲೆಕ್ಕದಲ್ಲಿ ಇಷ್ಟು ಖಂಡುಗದ ಗದ್ದೆ ಎನ್ನುತ್ತಿದ್ದರಲ್ಲ, ಹಾಗೆ. ಎತ್ತು ಬಡಕಲಾದರೆ ಎಕರೆಯೂ ಬಡಕಲು! ಮುಂದೆ ಅದು 43,560 ಚದರಡಿಗೆ ನಿಂತಿತು. 17ನೇ ಶತಮಾನದಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ 66 ಅಡಿಯ ಸರಪಳಿ ಬಳಕೆಗೆ ತಂದ; ಹತ್ತು ಚದರ ಸರಪಳಿ ಸೇರಿದರೆ ಸರಿಯಾಗಿ ಎಕರೆ. ನಮ್ಮ ಸರಪಳಿ ಉದ್ದದಲ್ಲಿ ಅದರ ಅರ್ಧ, ಚದರದಲ್ಲಿ ಕಾಲು; ಹಾಗಾಗಿ ಎಕರೆಗೆ 40 ಗುಂಟೆ.

ಸರಿ, ಅಡಿ ಎಂದರೆಷ್ಟು? 1959ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 0.3048 ಮೀಟರ್. ಮೀಟರ್? 1791ರಲ್ಲಿ ಫ್ರೆಂಚರು ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದ ಕೋಟಿಯಲ್ಲೊಂದು ಪಾಲು ಎಂದರು. ಡೆಲಾಂಬ್ರ್ ಮತ್ತು ಮೆಶೆನ್ ಡಂಕರ್ಕ್‌ನಿಂದ ಬಾರ್ಸಿಲೋನಾವರೆಗೆ ವರ್ಷಗಟ್ಟಲೆ ಅಳೆದರು. ಅದರಂತೆ ಮಾಡಿದ ಪ್ಲಾಟಿನಂ ಪಟ್ಟಿ ಸುಮಾರು 0.2 ಮಿಲಿಮೀಟರ್ ಗಿಡ್ಡವೆಂದು ಆಮೇಲೆ ಗೊತ್ತಾಯಿತು. ಆದರೂ ಮೀಟರನ್ನು ಯಾರೂ ಹಿಗ್ಗಿಸಲಿಲ್ಲ. ಭೂಮಿಯ ಲೆಕ್ಕವನ್ನೇ ಕೈಬಿಟ್ಟರು. ಜಾಣತನವೆಂದರೆ ಅದು. ನಮ್ಮಲ್ಲೂ ಮೂಲ ಟಿಪ್ಪಣಿಯ, ಅಂದರೆ ಮೊದಲ ಸರ್ವೆಯ ದಾಖಲೆಯ, ಅಳತೆಯೇ ಆಧಾರ. ಅದನ್ನು ಕೆದಕಿದರೆ ಅಕ್ಕಪಕ್ಕದ ಸರ್ವೆ ನಂಬರೆಲ್ಲ ಜಗಳಕ್ಕೆ ಬೀಳುತ್ತವೆ.

1983ರಿಂದ ಮೀಟರ್ ಎಂದರೆ ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರ. ಮೂವತ್ತು ಕೋಟಿ ಎಂದು ದುಂಡಗೆ ಹೇಳಬಹುದಿತ್ತು. ಹೇಳಿದ್ದರೆ ಮೀಟರ್ ಕುಗ್ಗಿ, ಜಗತ್ತಿನ ಹಳೆಯ ಅಳತೆಗಳನ್ನೆಲ್ಲ ತಿದ್ದಬೇಕಾಗುತ್ತಿತ್ತು. ವಿಜ್ಞಾನಿಗಳಿಗೂ ಹಳೆಯ ದಾಖಲೆಯ ಭಯ!

ಈಗ ಹೊಲದಲ್ಲಿ ಟೋಟಲ್ ಸ್ಟೇಷನ್ ಯಂತ್ರವಿದೆ. ಬೆಳಕನ್ನೇ ಬಿಟ್ಟು, ತಿರುಗಿ ಬಂದದ್ದನ್ನು ಲೆಕ್ಕಹಾಕಿ, ಒಂದು ಸರಪಳಿಯ ದೂರವನ್ನು 10.058 ಮೀಟರ್ ಎಂದು ತೋರಿಸುತ್ತದೆ. ರೂಪಾಯಿಯ ಆಣೆ 1957ರಲ್ಲೇ ಅಧಿಕೃತವಾಗಿ ಹೋಯಿತು. ಬದುವಿನ ಮೇಲೆ ನಿಂತ ರೈತ ಮಾತ್ರ ಕೇಳುವುದು, “ಎಷ್ಟು ಗುಂಟೆ, ಎಷ್ಟಾಣೆ ಬಂತು ಸ್ವಾಮಿ?”