ಕಬ್ಬನ್ ಪಾರ್ಕಿನ ಕೆಂಪು ಪುಸ್ತಕಭಂಡಾರ

ನಮ್ಮ ಜಯನಗರದ ಕಡೆಯ ವಿದ್ಯಾರ್ಥಿಗಳಲ್ಲಿ ಕಬ್ಬನ್ ಪಾರ್ಕನ್ನು ನೋಡದವರು ವಿರಳ. ಅಲ್ಲಿಯ ಕೆಂಪು ಕಟ್ಟಡದೊಳಗೆ ಕಾಲಿಟ್ಟವರೂ ವಿರಳವೇ. ಹೊರಗಿನ ಮರದ ನೆರಳಿನಲ್ಲಿ ಕುಳಿತು ಎದ್ದುಬರುವುದೇ ವಾಡಿಕೆ. ನಾನೂ ಬಹುದಿನ ಹಾಗೆಯೇ ಮಾಡಿದವನು.

ಅದು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಮಂದಿರ. ಅವರು 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದುದು, 1898ರ ಪ್ಲೇಗಿನ ತರುವಾಯ ನಮ್ಮ ನೆರೆಯ ಬಸವನಗುಡಿ ಬಡಾವಣೆ ಮೈದಳೆದುದು ಅವರ ಆಡಳಿತದಲ್ಲಿಯೇ. ಅವರು ಕೈಗೊಂಡ ಶಿವನಸಮುದ್ರದ ಯೋಜನೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ಅದನ್ನು ನೋಡಲು ಅವರು ಉಳಿದಿರಲಿಲ್ಲ.

ಮಂದಿರ ಸಿದ್ಧವಾದದ್ದು 1915ರಲ್ಲಿ. ಆಗಿನ ದಿವಾನರಾದ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಹುಟ್ಟಿದ ಸಾರ್ವಜನಿಕ ಪುಸ್ತಕಭಂಡಾರ ಅದರೊಳಗೆ ನೆಲೆಸಿತು. ಗತಿಸಿದವರ ನೆನಪಿಗೆಂದು ಕಟ್ಟಿದ ಮನೆಯನ್ನು ಓದುವವರಿಗೆ ಬಿಟ್ಟುಕೊಟ್ಟದ್ದು ಎಷ್ಟು ಸೊಗಸಾದ ಆಲೋಚನೆ! ಬರಿಯ ಪ್ರತಿಮೆಯಾಗಿದ್ದರೆ ಕಾಗೆಗಳಿಗಷ್ಟೇ ಉಪಯೋಗವಾಗುತ್ತಿತ್ತು.

1965ರ ಗ್ರಂಥಾಲಯ ಕಾಯಿದೆ ಬಂದ ಮೇಲೆ ಇದೇ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ರಾಜ್ಯದಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿಗಳನ್ನು ಇಲ್ಲಿಗೆ ಒಪ್ಪಿಸಬೇಕೆಂಬುದು ಕಾಯಿದೆಯ ನಿಯಮ. ಗ್ರಂಥಾಲಯಗಳ ವೆಚ್ಚಕ್ಕಾಗಿ ಮನೆಕಂದಾಯದ ಜೊತೆಗೆ ಒಂದು ಕರವನ್ನೂ ವಸೂಲು ಮಾಡುತ್ತಾರೆ. ಅಂದಮೇಲೆ ಬನಶಂಕರಿಯ ಮನೆಯೊಡೆಯನೂ, ಆ ಮನೆಗೆ ತಿಂಗಳು ತಿಂಗಳು ಬಾಡಿಗೆ ತೆರುವ ನಮ್ಮ ತಂದೆತಾಯಿಗಳೂ ಅಲ್ಲಿಯ ಕಪಾಟುಗಳ ಪಾಲುದಾರರೇ. ಪಠ್ಯಪುಸ್ತಕ ಕೊಳ್ಳಲಾರದೆ ಪರೀಕ್ಷೆಯ ಮುನ್ನಾದಿನ ಇನ್ನೊಬ್ಬರ ಟಿಪ್ಪಣಿಗಾಗಿ ಅಲೆಯುವ ಮಿತ್ರರು ಅಲ್ಲಿಗೆ ಹೋಗಿ ಕುಳಿತರೆ ಯಾರೂ ಏಳಿಸುವುದಿಲ್ಲ.