ಕೌದಿಗೆ ಕೂಲಿ ಉಂಟು, ಚಿತ್ತಾರಕ್ಕೆ ಬೆಲೆ ಎಲ್ಲಿ?

ಆದೋನಿ: ಕನ್ನಡದಲ್ಲಿ ಕೌದಿ, ತೆಲುಗಿನಲ್ಲಿ ಬೊಂತ. ಹೆಸರು ಎರಡಾದರೂ ಚೌಕಾಸಿ ಒಂದೇ. "ಅಕ್ಕಾ, ಸೀರೆ ನಮ್ಮವೇ, ಧೋತ್ರ ನಮ್ಮವೇ. ದಾರದ ರೊಕ್ಕ, ಒಂದಿಷ್ಟು ಕೂಲಿ ತಗೊಂಡು ಹೊಲದು ಕೊಡು" ಎಂಬ ಮಾತು ಹೊಳಗುಂದದಲ್ಲೂ ಅದೇ, ಕೌತಾಳದಲ್ಲೂ ಅದೇ, ಗಡಿ ದಾಟಿ ಸಿರುಗುಪ್ಪಕ್ಕೆ ಹೋದರೂ ಅದೇ. ಈ ಲೆಕ್ಕದಲ್ಲಿ ದಾರಕ್ಕೆ ಬೆಲೆ ಇದೆ, ಕೈಗೆ ಒಂದಿಷ್ಟು ಬೆಲೆ ಇದೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಬರಬೇಕು, ತುಂಡು ಎಷ್ಟು ದೊಡ್ಡದಿರಬೇಕು, ಅಂಚು ಹೇಗೆ ತಿರುಗಬೇಕು ಎಂದು ಕುಳಿತು ಯೋಚಿಸಿದ ತಲೆಗೆ ಮಾತ್ರ ಒಂದು ಪೈಸೆಯೂ ಇಲ್ಲ.

ಕೌದಿ ಹೊಲಿಯುವುದನ್ನು ಸಣ್ಣ ವ್ಯಾಪಾರ ಮಾಡಿಕೊಳ್ಳಬೇಕು ಎನ್ನುವವರು ಮೊದಲು ಬಿಡಿಸಬೇಕಾದ ಗಂಟು ಇದೇ. ಚಿತ್ತಾರ ಎಂದರೆ ಬರೀ ಅಂದವಲ್ಲ. ಎಷ್ಟು ದಿನ ಕೆಲಸ, ಎಷ್ಟು ದಾರ, ಎಷ್ಟು ಬಟ್ಟೆ ಎಂಬುದೆಲ್ಲ ಚಿತ್ತಾರ ಹಾಕಿದ ದಿನವೇ ತೀರ್ಮಾನವಾಗಿಬಿಡುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಹತ್ತಿಯ ಊರು ಆದೋನಿಯಲ್ಲಿ ಹಾಸಿಗೆ ಎಂದರೆ ಪಿಂಜಾರರು ಅರಳೆ ಹಿಂಜಿ ತುಂಬುವ ಗಾದಿ, ರಜಾಯಿ ನೆನಪಾಗುವುದು ಸಹಜ. ಕೌದಿ ಅದಲ್ಲ. ಇದರಲ್ಲಿ ಅರಳೆ ಇಲ್ಲ. ಹಳೆಯ ಬಟ್ಟೆಯನ್ನು ಎರಡು ಮೂರು ಪದರ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಓಡುಹೊಲಿಗೆ ಹಾಕುವುದು ಕೌದಿ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ನಕ್ಷೆಯ ಮೇಲೆ ಗೆರೆ ಬಿತ್ತು, ಹಾಸಿಗೆಯ ಮೇಲಿನ ಕೌದಿ ಬದಲಾಗಲಿಲ್ಲ. ಆದರೆ ಅದೇ ಗೆರೆ ಇಂದು ವ್ಯಾಪಾರ ಮಾಡುವವರ ಕಾಲಿಗೆ ತೊಡರುತ್ತದೆ, ಅದನ್ನು ಮುಂದೆ ನೋಡೋಣ.

ಅರ್ಧ ಇಂಚಿನ ಲೆಕ್ಕ

ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಒಂದು ಒಂಟಿ ಕೌದಿ ತೆಗೆದುಕೊಳ್ಳಿ. ಇಂಚಿನಲ್ಲಿ 48 ಮತ್ತು 72. ಮೇಲೆ ಕಾಣುವ ತುಂಡು ನಾಲ್ಕು ಇಂಚಿನ ಚೌಕವಾದರೆ ಅಡ್ಡಕ್ಕೆ 12, ಉದ್ದಕ್ಕೆ 18, ಒಟ್ಟು 216 ತುಂಡು. ಅದನ್ನೇ ಮೂರು ಇಂಚು ಮಾಡಿದರೆ 16 ಮತ್ತು 24, ಅಂದರೆ 384 ತುಂಡು. ನೋಡುವವರಿಗೆ "ಸ್ವಲ್ಪ ಸಣ್ಣ ಡಿಸೈನು" ಅಷ್ಟೇ. ಹೊಲಿಯುವವರಿಗೆ 168 ತುಂಡು ಹೆಚ್ಚು ಕತ್ತರಿಸಿ, ನಾಲ್ಕೂ ಬದಿ ಮಡಿಚಿ ಕೂರಿಸುವ ಕೆಲಸ. ಮಡಿಕೆಗೆಂದು ಪ್ರತಿ ಬದಿಗೆ ಅರ್ಧ ಇಂಚು ಬಿಡಬೇಕು. ಹಾಗಾಗಿ ನಾಲ್ಕು ಇಂಚಿನ ತುಂಡಿಗೆ ಐದು ಇಂಚು ಕತ್ತರಿಸಬೇಕು, ಮೂರು ಇಂಚಿನದಕ್ಕೆ ನಾಲ್ಕು. ತುಂಡು ಸಣ್ಣದಾದಷ್ಟೂ ಬಟ್ಟೆ ಮಡಿಕೆಯಲ್ಲೇ ಮುಳುಗುತ್ತದೆ.

ಇನ್ನು ಹೊಲಿಗೆ. ಸಾಲುಗಳ ನಡುವೆ ಒಂದು ಇಂಚು ಬಿಟ್ಟರೆ ಈ ಕೌದಿಯಲ್ಲಿ ಓಡುವ ಹೊಲಿಗೆಯ ಒಟ್ಟು ಉದ್ದ ಸುಮಾರು 88 ಮೀಟರ್. ಅರ್ಧ ಇಂಚು ಬಿಟ್ಟರೆ 175 ಮೀಟರ್. ನೇರ ಸಾಲು ಹಾಕಿದರೂ, ಅಂಚಿನಿಂದ ಸುತ್ತುತ್ತ ನಡುವಿಗೆ ಬಂದರೂ ಉದ್ದ ಹೆಚ್ಚು ಕಡಿಮೆ ಇಷ್ಟೇ. ಗಂಟೆಗೆ 3 ಮೀಟರ್ ಹೊಲಿಯುತ್ತಾರೆ ಎಂದು ಹಿಡಿಯಿರಿ (ಪ್ರತಿಯೊಬ್ಬರೂ ಒಂದು ಗಂಟೆ ಹೊಲಿದು, ಟೇಪು ಹಿಡಿದು, ತಮ್ಮ ತಮ್ಮ ವೇಗ ಅಳೆದುಕೊಳ್ಳುವುದು ಒಳ್ಳೆಯದು). ಮೊದಲನೆಯದು 29 ಗಂಟೆ, ಎರಡನೆಯದು 58 ಗಂಟೆ. 2025-26ರಲ್ಲಿ ಆಂಧ್ರದಲ್ಲಿ ಉದ್ಯೋಗ ಖಾತ್ರಿಗೆ ನಿಗದಿಯಾಗಿದ್ದ ದಿನಗೂಲಿ 307 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 38 ರೂಪಾಯಿ ಚಿಲ್ಲರೆ. ಮಣ್ಣು ಹೊರುವ ಕೂಲಿಯ ಲೆಕ್ಕದಲ್ಲೇ ಮೊದಲ ಕೌದಿಗೆ ಹೊಲಿಗೆ ಕೂಲಿ 1,100 ರೂಪಾಯಿ, ಎರಡನೆಯದಕ್ಕೆ 2,200 ರೂಪಾಯಿ ಬೀಳುತ್ತದೆ. ತುಂಡು ಕತ್ತರಿಸಿದ್ದು, ಜೋಡಿಸಿದ್ದು, ದಾರ ಇದರಲ್ಲಿ ಸೇರಿಲ್ಲ.

ಅಳತೆ ನೋಡಿ "ನಾಲ್ಕಕ್ಕೆ ಆರರ ಕೌದಿಗೆ ಇಷ್ಟು" ಎಂದು ದರ ಹೇಳುವುದರಲ್ಲಿ ಇರುವ ಮೋಸ ಇದೇ. ಎರಡೂ ಕೌದಿಯ ಅಳತೆ ಒಂದೇ, ದುಡಿಮೆ ಒಂದಕ್ಕೆ ಎರಡರಷ್ಟು. ಬೇರೆ ಯಾರೋ ಮೋಸ ಮಾಡಿದ್ದಲ್ಲ, ಹೊಲಿಯುವವರು ತಮಗೆ ತಾವೇ ಮಾಡಿಕೊಂಡದ್ದು.

ಬಟ್ಟೆ ಎಲ್ಲಿಂದ?

ಮೊದಲು ಈ ಪ್ರಶ್ನೆಯೇ ಇರಲಿಲ್ಲ. ಮನೆಯಲ್ಲಿ ಹತ್ತಿಯ ಸೀರೆ ಹರಿಯುತ್ತಿತ್ತು, ಕೌದಿಯಾಗುತ್ತಿತ್ತು. ಈಗ ಮನೆಮನೆಯಲ್ಲಿ ಹಳೆಯದಾಗುತ್ತಿರುವುದು ಪಾಲಿಯೆಸ್ಟರ್ ಸೀರೆ. ಅದು ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಕೂಸಿನ ಕೌದಿಗಂತೂ ಬೇಡವೇ ಬೇಡ. ಎಮ್ಮಿಗನೂರಿನ ಕೈಮಗ್ಗದ ಬಟ್ಟೆ ಹತ್ತಿರದಲ್ಲೇ ಸಿಗುತ್ತದೆ, ಒಳಪದರಕ್ಕೂ ಹಿಂಬದಿಗೂ ಚೆನ್ನಾಗಿ ಒಗ್ಗುತ್ತದೆ. ಹೊಸದಾದ್ದರಿಂದ ಒಗೆದು ಒಣಗಿಸಿಯೇ ಕತ್ತರಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಹಳೆಯ ಬಟ್ಟೆ ಹಾಗೇ ಉಳಿದು, ಹೊಸದು ಕುಗ್ಗಿ, ಕೌದಿ ಹಪ್ಪಳದಂತೆ ಮುದುಡಿಕೊಳ್ಳುತ್ತದೆ.

ಬಳ್ಳಾರಿಯ ಜೀನ್ಸ್ ಘಟಕಗಳ ಚಿಂದಿ ಇನ್ನೊಂದು ದಾರಿ. ಗಟ್ಟಿ ಬಟ್ಟೆ. ಆದರೆ ಜೀನ್ಸ್ ತುಂಡಿನ ಪಕ್ಕ ತೆಳು ಸೀರೆಯ ತುಂಡು ಇಟ್ಟರೆ ಸೀರೆ ಬೇಗ ಹರಿಯುತ್ತದೆ. ಜೀನ್ಸ್ ಹಾಕುವುದಾದರೆ ಪೂರ್ತಿ ಜೀನ್ಸಿನದೇ ಚಿತ್ತಾರ ಮಾಡುವುದು ಲೇಸು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಕಪ್ಪು ಜನಾಂಗದ ಹೆಂಗಸರು ಹೊಲದ ಕೆಲಸಕ್ಕೆ ಹಾಕಿ ಸವೆದ ಜೀನ್ಸ್, ಅಂಗಿಗಳಿಂದ ಹೊಲಿದ ಕೌದಿಗಳು ವಸ್ತುಸಂಗ್ರಹಾಲಯ ಸೇರಿದವು. 2006ರಲ್ಲಿ ಆ ಕೌದಿಗಳ ಚಿತ್ರವಿದ್ದ ಅಂಚೆಚೀಟಿಗಳನ್ನೇ ಅಲ್ಲಿನ ಸರ್ಕಾರ ಹೊರತಂದಿತು. ಬಡತನದ ಚಿಂದಿಯೇ ಅಲ್ಲಿಯೂ ಬಂಡವಾಳ.

ಬಣ್ಣ ಬಿಡುವ ಬಟ್ಟೆಯನ್ನು ಹಿಡಿಯುವುದು ಸುಲಭ. ಒದ್ದೆ ಬಿಳಿ ಬಟ್ಟೆಯಿಂದ ತುಂಡನ್ನು ಗಟ್ಟಿಯಾಗಿ ಉಜ್ಜಿ ನೋಡಿದರೆ ಸಾಕು. ಕೆಂಪು, ಕಡುನೀಲಿಗಳೇ ಸಾಮಾನ್ಯವಾಗಿ ಕೈಕೊಡುವ ಬಣ್ಣಗಳು.

ಕಾಗದದ ಮೇಲಿನ ಕೌದಿ

ಅಮೆರಿಕ, ಯೂರೋಪಿನಲ್ಲಿ ಕೌದಿಯನ್ನಲ್ಲ, ಕೌದಿಯ ನಕ್ಷೆಯನ್ನು ಮಾರಿಯೇ ಬದುಕುವವರಿದ್ದಾರೆ. ತುಂಡಿನ ಅಳತೆ, ಬಣ್ಣದ ಪಟ್ಟಿ, ಜೋಡಣೆಯ ಕ್ರಮ ಎಲ್ಲ ಒಂದು ಕಾಗದದಲ್ಲಿ. ಕೊಂಡವರು ಮನೆಯಲ್ಲಿ ತಾವೇ ಹೊಲಿದುಕೊಳ್ಳುತ್ತಾರೆ. ನಮ್ಮ ಕಡೆ ಬರೀ ಕಾಗದಕ್ಕೆ ರೊಕ್ಕ ಕೊಡುವವರು ಸದ್ಯಕ್ಕೆ ಕಡಿಮೆಯೇ ಎನ್ನಬೇಕು. ಆದರೆ ಕಾಗದದ ಜೊತೆ ಕತ್ತರಿಸಿದ ತುಂಡುಗಳ ಗಂಟನ್ನೂ ಕೊಟ್ಟರೆ ಮಾತು ಬೇರೆ. ಹೊಲಿಗೆ ಬರುವ, ಜೋಡಿಸುವ ಯೋಚನೆ ಬೇಡ ಎನ್ನುವ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ. ಡ್ವಾಕ್ರಾ ಸಂಘದ ಹತ್ತು ಜನರಲ್ಲಿ ಒಬ್ಬರು ಚಿತ್ತಾರ ಹಾಕಿ ಕತ್ತರಿಸಿ ಕೊಟ್ಟು, ಉಳಿದವರು ಹೊಲಿದರೆ ಹತ್ತು ಕೌದಿಯೂ ಒಂದೇ ಅಚ್ಚಿನಲ್ಲಿ ಬರುತ್ತವೆ. ಆಗ ಚಿತ್ತಾರ ಹಾಕಿದವರಿಗೆ ಕೌದಿಗೆ ಇಷ್ಟು ಎಂದು ಬೇರೆಯಾಗಿ ಬರೆದಿಡಬೇಕು. ಮೊದಲ ದಿನ ಬರೆಯದಿದ್ದರೆ ಆಮೇಲೆ ಕೇಳಲು ಬಾಯಿ ಬರುವುದಿಲ್ಲ.

ಚಿತ್ತಾರವೇ ಗುರುತಾಗಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯ ಮೂಲೆಗಳಲ್ಲಿ ಮಡಿಚಿ ಕೂರಿಸಿದ 'ಫೂಲ' ಇರುತ್ತದೆ. ಅದಿಲ್ಲದಿದ್ದರೆ ಕೌದಿ ಮುಗಿದಂತಲ್ಲ ಎಂಬುದು ಅವರ ಲೆಕ್ಕ. ಕಂಡವರು "ಇದು ಸಿದ್ದಿಯರದು" ಎಂದು ಹೇಳಲು ಆ ಮೂಲೆಯೇ ಸಾಕು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ವರ್ಷಗಳೇ ಆದವು. ಆದೋನಿ ಕಡೆಯ ಕೌದಿಗೆ ಇಂಥ ಕಣ್ಣಿಗೆ ಬೀಳುವ ಒಂದು ಗುರುತನ್ನು ಹೊಲಿಯುವವರೇ ಆರಿಸಿಕೊಳ್ಳಬಹುದು.

ಚಿತ್ತಾರಗಳನ್ನು ನೆನಪಿನಲ್ಲಿ ಇಟ್ಟುಕೊಂಡರೆ ವ್ಯಾಪಾರ ನಡೆಯದು. ಚೌಕದ ಗೆರೆ ಇರುವ ಲೆಕ್ಕದ ಪುಸ್ತಕ ಸಾಕು. ಒಂದು ಚೌಕಕ್ಕೆ ಒಂದು ತುಂಡು ಎಂದು ಬಣ್ಣದ ಪೆನ್ಸಿಲಿನಲ್ಲಿ ತುಂಬಿ, ಪ್ರತಿ ಚಿತ್ತಾರಕ್ಕೂ ಒಂದು ನಂಬರು, ಪಕ್ಕದಲ್ಲಿ ತುಂಡಿನ ಅಳತೆ, ಹೊಲಿಗೆ ಸಾಲಿನ ಅಂತರ, ಹಿಡಿದ ಗಂಟೆ. ಗಿರಾಕಿಯ ಹೆಸರು, ಮುಂಗಡ, ಕೊಡುವ ದಿನವನ್ನು ಕನ್ನಡದಲ್ಲೋ ತೆಲುಗಿನಲ್ಲೋ ಅವರಿಗೆ ಓದಲು ಬರುವ ಲಿಪಿಯಲ್ಲಿ ಬರೆದು ಸಹಿ ಹಾಕಿಸಿಕೊಂಡರೆ "ನಾ ಹೇಳಿದ್ದು ಈ ಬಣ್ಣ ಅಲ್ಲ" ಎಂಬ ಜಗಳ ಅರ್ಧ ಕಡಿಮೆಯಾಗುತ್ತದೆ. ಗಿರಾಕಿ ತಂದ ಸೀರೆಗಳ ಲೆಕ್ಕವನ್ನೂ ಬರೆಯಬೇಕು. ತೀರಿಕೊಂಡ ತಾಯಿಯ ಸೀರೆ ಕೊಟ್ಟವರಿಗೆ ಉಳಿದ ಗೇಣುದ್ದ ತುಂಡೂ ಬೇಕಾಗುತ್ತದೆ.

ವಾಟ್ಸ್ಆಪ್ ಮತ್ತು ಕಾನೂನು

ಹೊಸ ಚಿತ್ತಾರ ಮುಗಿದ ಕೂಡಲೇ ಫೋಟೋ ತೆಗೆದು ವಾಟ್ಸ್ಆಪ್ ಸ್ಟೇಟಸ್‌ಗೆ ಹಾಕುವುದು ಈಗಿನ ರೂಢಿ. ಗಿರಾಕಿ ಬರುತ್ತಾರೆ, ನಕಲು ಮಾಡುವವರೂ ಬರುತ್ತಾರೆ. 2000ದ ವಿನ್ಯಾಸ ಕಾಯ್ದೆಯ ಪ್ರಕಾರ ಹೊಸ ವಿನ್ಯಾಸವನ್ನು ನೋಂದಾಯಿಸಿದರೆ 10 ವರ್ಷ, ಮತ್ತೆ ಅರ್ಜಿ ಹಾಕಿದರೆ ಇನ್ನೂ 5 ವರ್ಷ ಹಕ್ಕು ಇರುತ್ತದೆ. ಆದರೆ ಅರ್ಜಿಗೆ ಮೊದಲೇ ಊರಿಗೆಲ್ಲ ತೋರಿಸಿದ ವಿನ್ಯಾಸ 'ಹೊಸದು' ಎನಿಸುವುದಿಲ್ಲ. ಹಾಗಾಗಿ ನೋಂದಣಿಯ ಆಸೆ ಇದ್ದರೆ ಮೊದಲು ಅರ್ಜಿ, ಆಮೇಲೆ ಫೋಟೋ. ಅಜ್ಜಿಯ ಕಾಲದಿಂದ ಬಂದ ಚೌಕ, ತ್ರಿಕೋನಗಳನ್ನು ಯಾರೂ ತಮ್ಮದೆಂದು ಬರೆಸಿಕೊಳ್ಳಲಾಗದು, ಬೇರೆಯವರು ಹೊಲಿದರೆ ತಡೆಯಲೂ ಆಗದು. ತಿಂಗಳಿಗೆ ನಾಲ್ಕು ಕೌದಿ ಹೊಲಿಯುವವರಿಗೆ ಇಷ್ಟೆಲ್ಲ ಓಡಾಟ ಬೇಕಿಲ್ಲ. ಪೂರ್ತಿ ಕೌದಿ ತೋರಿಸದೆ ಒಂದು ಮೂಲೆಯ ಫೋಟೋ ಮಾತ್ರ ಹಾಕುವುದು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಉಪಾಯ.

ಗೆರೆ ದಾಟಿದರೆ

ಜಿಎಸ್‌ಟಿ ಎಂದರೆ ದೊಡ್ಡ ಸೇಠರ ಮಾತು ಎಂದು ಗಡಿ ಊರಿನವರು ಸುಮ್ಮನಿರುವಂತಿಲ್ಲ. ಆಂಧ್ರದ ಒಳಗೇ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ನೋಂದಣಿ ಬೇಡ. ಅದೇ ಕೌದಿಯನ್ನು ಬಳ್ಳಾರಿಯ ಅಂಗಡಿಗೆ ಕಳಿಸಿದರೆ ಅದು ಅಂತರರಾಜ್ಯ ಮಾರಾಟ. ಅದಕ್ಕೆ ಒಂದೇ ಕೌದಿಯಾದರೂ ನೋಂದಣಿ ಬೇಕು ಎನ್ನುವುದು ಸಾಮಾನ್ಯ ನಿಯಮ. ಸರ್ಕಾರ ಪಟ್ಟಿ ಮಾಡಿದ ಕೆಲವು ಕರಕುಶಲ ವಸ್ತುಗಳಿಗೆ 20 ಲಕ್ಷದವರೆಗೆ ಇದರಿಂದ ವಿನಾಯಿತಿ ಇದೆ. ಅದರ ಲಾಭ ಸಿಗುತ್ತದೆಯೇ ಎಂಬುದನ್ನು ಸರಕು ಕಳಿಸುವ ಮೊದಲೇ ತೆರಿಗೆ ಸಲಹೆಗಾರರ ಬಳಿ ಕೇಳಿಕೊಳ್ಳಬೇಕು.

ಸೇವೆಯ ದಾರಿ ಸರಳ. ಗಿರಾಕಿಯದೇ ಬಟ್ಟೆ ತೆಗೆದುಕೊಂಡು ಹೊಲಿದು ಕೊಟ್ಟು ಕೂಲಿ ಪಡೆದರೆ, ಇಲ್ಲವೇ ಚಿತ್ತಾರ ಮಾತ್ರ ಹಾಕಿ ಕೊಟ್ಟರೆ, ಅದು ಸಾಮಾನಿನ ಮಾರಾಟವಲ್ಲ, ಸೇವೆ. ಸೇವೆ ಗೆರೆ ದಾಟಿದರೂ ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿಯ ಒತ್ತಾಯವಿಲ್ಲ. ಹಳೆಯ ಕಾಲದ "ಸೀರೆ ನಿಮ್ಮದು, ಹೊಲಿಗೆ ನಮ್ಮದು" ಪದ್ಧತಿ ಇಲ್ಲಿ ಅನುಕೂಲಕ್ಕೆ ಬರುತ್ತದೆ. ನೋಂದಣಿ ಇರುವವರು ಮಾತ್ರ ಒಂದು ಅಂಕಿ ನೆನಪಿಡಬೇಕು: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಹತ್ತಿಯ ಕೌದಿಗೆ ಶೇಕಡಾ 5, ಅದನ್ನು ಮೀರಿದರೆ ಶೇಕಡಾ 18 ತೆರಿಗೆ. ಮೇಲೆ ಹೇಳಿದ ಅರ್ಧ ಇಂಚಿನ ಹೊಲಿಗೆಯ ಕೌದಿ ಕೂಲಿ, ಬಟ್ಟೆ, ದಾರ ಸೇರಿ ಈ ಗಡಿಯನ್ನು ಸುಲಭವಾಗಿ ದಾಟುತ್ತದೆ. ಮುಕ್ಕಾಲು ಇಂಚಿನ ಸಾಲು ಹಾಕಿದರೆ ಹೊಲಿಗೆ 117 ಮೀಟರಿಗೆ ಇಳಿದು, ಗಡಿಯ ಈಚೆ ಉಳಿಯುವ ಸಾಧ್ಯತೆ ಹೆಚ್ಚು. ತೆರಿಗೆಯೂ ಚಿತ್ತಾರದ ಒಂದು ಭಾಗವಾಯಿತಲ್ಲ!

ಸಣ್ಣ ಉದ್ಯಮದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಮಾಡಿಸಿಕೊಡುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುವವರಿಗೆ ಕೊಡುವ ಅಗತ್ಯವಿಲ್ಲ. ಕರಕುಶಲಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಹಚಾನ್ ಗುರುತಿನ ಚೀಟಿ ಇದ್ದರೆ ಸರ್ಕಾರಿ ಮೇಳಗಳಲ್ಲಿ ಮಳಿಗೆ ಕೇಳಲು ಅನುಕೂಲ.

ಕೊನೆಯದಾಗಿ ಕಾಲದ ಮಾತು. ಕೌದಿಗೆ ಬೇಡಿಕೆ ಬರುವುದು ಚಳಿಗೆ. ಕೋಸಗಿ, ಮಂತ್ರಾಲಯ, ಕೌತಾಳಂ ಭಾಗದ ಕೈಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಗುಳೆ ಹೋಗುವುದೂ ಸರಿಸುಮಾರು ಅದೇ ಹೊತ್ತಿಗೆ. ದಸರೆಯ ನಂತರ ಒಪ್ಪಿಕೊಂಡ ಆರ್ಡರಿಗೆ ಹೊಲಿಯುವವರೇ ಊರಲ್ಲಿರುವುದಿಲ್ಲ. ಹಾಗಾಗಿ ಚಿತ್ತಾರ ಹಾಕುವುದು, ಕತ್ತರಿಸುವುದು ಬೇಸಿಗೆಯಲ್ಲೇ ಮುಗಿಯಬೇಕು, ಹೊಲಿಗೆ ಶ್ರಾವಣದೊಳಗೆ ಅರ್ಧವಾದರೂ ಆಗಿರಬೇಕು. ಉರುಕುಂದ ಈರಣ್ಣನ ಜಾತ್ರೆಗೆ ಎರಡೂ ರಾಜ್ಯದ ಜನ ಸೇರುವುದು ಆ ತಿಂಗಳಲ್ಲೇ. ಅಲ್ಲಿ ಮಾದರಿ ತೋರಿಸಿ ಮುಂಗಡ ಹಿಡಿದವರಿಗೆ ದೀಪಾವಳಿಯವರೆಗೆ ಕೈತುಂಬ ಕೆಲಸ ಸಿಗುತ್ತದೆ.